ಗೃಹಸ್ಥರ ಪ್ರಶ್ನೆಗಳು: ಮಳೆಗೆ ಮುನ್ನ ಮನೆಯ ಜೀರ್ಣೋದ್ಧಾರ

ಮೂಡಿಗೆರೆಯ ಸಮೀಪದ ಕಾಫಿತೋಟದ ಗೃಹಸ್ಥರೊಬ್ಬರು ಈ ತಿಂಗಳು ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರದು ತಾತಂದಿರು ಕಟ್ಟಿಸಿದ ಮಣ್ಣುಗೋಡೆಯ, ಮಂಗಳೂರು ಹಂಚಿನ ಮನೆ. ಮಾಡು ಸೋರುತ್ತದೆ, ಐದು ವರ್ಷಗಳ ಹಿಂದೆ ಮಾಡಿಸಿದ ಸಿಮೆಂಟಿನ ಗಾರೆ ಹಪ್ಪಳದಂತೆ ಎದ್ದು ಉದುರುತ್ತಿದೆ, ಜೀಪು ನಿಲ್ಲಿಸಲು ಹಿತ್ತಿಲ ಧರೆಯನ್ನು ಕಡಿಸಿ ಜಾಗ ಮಾಡಿಕೊಳ್ಳುವ ಇಚ್ಛೆಯೂ ಇದೆ. ಕಾಫಿಗೆ ಧಾರಣೆ ಬಂದು ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವಾಗ ಜೀರ್ಣೋದ್ಧಾರವನ್ನು ಎಲ್ಲಿಂದ ತೊಡಗಬೇಕೆಂಬುದು ಅವರ ಪ್ರಶ್ನೆ. ಕಳಸದ ಕಡೆಯಿಂದಲೂ ಇಬ್ಬರು ಇದನ್ನೇ ಕೇಳಿರುವುದರಿಂದ ಎಲ್ಲರಿಗೂ ಒಟ್ಟಾಗಿ ಉತ್ತರಿಸುವುದು ಯುಕ್ತವೆಂದು ತೋರಿತು.

ಜೀರ್ಣವೆಂಬ ಶಬ್ದಕ್ಕೆ ಹಳತಾದುದೆಂಬ ಅರ್ಥವಿರುವಂತೆಯೇ ಅರಗಿದುದೆಂಬ ಅರ್ಥವೂ ಉಂಟು. ನಮ್ಮ ಮಲೆಸೀಮೆಯ ಮನೆಗಳಿಗೆ ಎರಡನೆಯದೇ ಒಪ್ಪುವುದು. ಇಲ್ಲಿ ಮನೆಯನ್ನು ಅರಗಿಸಿಕೊಳ್ಳುವುದು ವಯಸ್ಸಲ್ಲ, ನೀರು. ಆದುದರಿಂದ ನೀರು ಎಲ್ಲಿಂದ ಬರುವುದು, ಎಲ್ಲಿ ನಿಲ್ಲುವುದು ಎಂಬುದನ್ನು ಮೊದಲು ನೋಡತಕ್ಕದ್ದು.

ಮಾಡಿನ ವಿಚಾರ ಸುಲಭ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಈ ಹಂಚಿನ ಗುಣವೆಲ್ಲ ಒಂದರೊಳಗೊಂದು ಕೂರುವ ಅದರ ಗಾಡಿಯಲ್ಲಿದೆ. ಸಿಲ್ವರ್ ಓಕಿನ ತರಗೂ ಪಾಚಿಯೂ ಆ ಗಾಡಿಯನ್ನು ತುಂಬಿದರೆ ಒಡೆಯದ ಹಂಚೂ ಸೋರುವುದು. ಹನಿ ಬಿದ್ದಲ್ಲಿಯೇ ತೂತು ಇರುವುದೆಂದು ಭಾವಿಸಬಾರದು. ನೀರು ಪಕಾಸಿಯ ಮೇಲೆ ಹರಿದು ಕೆಳಗೆಲ್ಲಿಯೋ ತೊಟ್ಟಿಕ್ಕುತ್ತದೆ. ಎರಡು ಮಾಡುಗಳು ಕೂಡುವೆಡೆಯ ತಗಡಿನ ದೋಣಿಯನ್ನೂ, ಗೋಡೆಯ ಮೇಲೆ ಕುಳಿತ ಪಕಾಸಿಯ ತುದಿಯನ್ನೂ ಪರೀಕ್ಷಿಸಬೇಕು. ಉಗುರು ಇಳಿಯುವಷ್ಟು ಮರ ಮೆತ್ತಗಾಗಿದ್ದರೆ ಬದಲಾಯಿಸುವುದೇ ಸರಿ. ಹೊಸ ಹಂಚು ತರುವಾಗ ಹಳೆಯದರ ಮುದ್ರೆಯನ್ನು ನೋಡಿ ತರುವುದು; ಬೇರೆ ಕಾರ್ಖಾನೆಯ ಹಂಚು ಎಷ್ಟೋ ಸಲ ಇದರೊಡನೆ ಕೂರದು.

ಗೋಡೆಯ ಪ್ರಶ್ನೆಗೆ ಗಾರೆಯವರು ಹೇಳುವ ಉತ್ತರ ನನಗೆ ಸಮ್ಮತವಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಸಿಮೆಂಟು ಬಳಿದರೆ ನಿಲ್ಲುವುದೆಂದು ಅವರ ವಾದ. ಮಣ್ಣುಗೋಡೆ ನೆಲದಿಂದ ತೇವವನ್ನು ಹೀರಿ ಮೈಯಿಂದ ಗಾಳಿಗೆ ಬಿಡುವ ಸ್ವಭಾವದ್ದು. ಸಿಮೆಂಟಿನ ಹೊದಿಕೆ ಆ ದಾರಿಯನ್ನು ಕಟ್ಟಿದೊಡನೆ ತೇವ ಒಳಗೇ ನಿಂತು, ಇನ್ನೂ ಮೇಲಕ್ಕೇರಿ, ಕಡೆಗೆ ಹೊದಿಕೆಯನ್ನೇ ತಳ್ಳಿ ಬೀಳಿಸುತ್ತದೆ. ಒಳಗಿನ ಮಣ್ಣೂ ಅಷ್ಟರಲ್ಲಿ ಮೆದುವಾಗಿರುತ್ತದೆ. ಸಡಿಲಗೊಂಡ ಸಿಮೆಂಟನ್ನು ಮೆಲ್ಲನೆ ಕಿತ್ತು, ಗೋಡೆ ಒಣಗಲು ಕೆಲವು ವಾರ ಬಿಟ್ಟು, ಹುಲ್ಲು ಬೆರಸಿ ಕೊಳೆಯಿಸಿದ ಮಣ್ಣಿನಿಂದ ಹಳ್ಳಗಳನ್ನು ತುಂಬಿ, ಬಳಿಕ ಸುಣ್ಣ ಒಂದು ಪಾಲು, ಮರಳು ಮೂರು ಪಾಲಿನ ಗಾರೆಯನ್ನು ತೆಳ್ಳಗೆ ಕೊಟ್ಟು ಸುಣ್ಣ ಬಳಿಯುವುದು ಒಳ್ಳೆಯದು. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲವು ದಿನ ನೀರು ಚಿಮುಕಿಸುತ್ತಿರಬೇಕು. ಹೊರಗಡೆ ವರ್ಷವರ್ಷವೂ ಏರಿದ ಅಂಗಳದ ಮಣ್ಣನ್ನು ತಗೆಸಿ ಪಂಚಾಂಗದ ಕಲ್ಲು ಕಾಣುವಂತೆ ಮಾಡದಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಇನ್ನು ಧರೆ. ಪತ್ರದಲ್ಲಿ ಕೊನೆಯ ಸಾಲಾಗಿ ಬಂದಿದ್ದರೂ ಇದೇ ಮುಖ್ಯ. ಜೆಸಿಬಿ ಯಂತ್ರ ಬಂದಂದಿನಿಂದ ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಯೋಚಿಸುವುದಕ್ಕೆ ವ್ಯವಧಾನವೇ ಉಳಿಯುವುದಿಲ್ಲ. 2019ನೆಯ ಇಸವಿಯ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳ ಕಡೆ ಗುಡ್ಡವೇ ಜಾರಿ ಮನೆತೋಟಗಳು ಮಣ್ಣುಪಾಲಾದುದನ್ನು ವಾಚಕರು ಮರೆತಿರಲಾರರು. ಹಿತ್ತಿಲ ಧರೆ ಅದಕ್ಕಿಂತ ಎಷ್ಟೋ ಚಿಕ್ಕದು, ಆದರೆ ನ್ಯಾಯ ಒಂದೇ: ನೀರು ಕುಡಿದ ಮಣ್ಣು ಭಾರವಾಗಿ, ಹಿಡಿತ ತಪ್ಪಿ ಇಳಿಯುತ್ತದೆ. ಬುಡವನ್ನು ಕಡಿದವನು ಅದಕ್ಕಿದ್ದ ಆಸರೆಯನ್ನೇ ತಗೆದಂತಾಯಿತು.

ಆದಕಾರಣ ಪತ್ರ ಬರೆದ ಮಹನೀಯರು ಧರೆಯನ್ನು ಮುಟ್ಟದೆ ಜೀಪನ್ನು ಮುಂದಿನ ಕಣದ ಬದಿಯಲ್ಲಿಯೇ ನಿಲ್ಲಿಸಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಹಿಂದೆಯೇ ಕಡಿಸಿದವರು ಧರೆಯ ನೆತ್ತಿಯಿಂದ ತುಸು ಹಿಂದಕ್ಕೆ ಚರಂಡಿ ತೋಡಿ, ಮೇಲಿನ ನೀರನ್ನು ಓರೆಯಾಗಿ ಹಳ್ಳಕ್ಕೆ ಹಾಯಿಸಲಿ. ನೆತ್ತಿಯಲ್ಲಿ ಇಂಗುಗುಂಡಿ ಬೇಡ. ತಡೆಗೋಡೆ ಕಟ್ಟಿಸುವುದಾದರೆ ನೀರು ಬಸಿದುಹೋಗಲು ತೂತುಗಳಿರಬೇಕು. ಇಲ್ಲವಾದರೆ ಗೋಡೆಯೇ ಮಣ್ಣಿನೊಡನೆ ಮನೆಯ ಮೇಲೆ ಬೀಳುವುದು. ಮಳೆಗಾಲದಲ್ಲಿ ಮಕ್ಕಳನ್ನೂ ವೃದ್ಧರನ್ನೂ ಧರೆಯ ಕಡೆಯ ಕೋಣೆಯಲ್ಲಿ ಮಲಗಿಸಬಾರದು. ನೆತ್ತಿಯಲ್ಲಿ ಬಿರುಕು ಕಂಡರೆ, ಮರಗಳು ವಾಲಿದರೆ, ಬುಡದಿಂದ ಕೆಂಪುನೀರು ಹೊಸದಾಗಿ ಒಸರಿದರೆ, ಸರಿಯಾಗಿದ್ದ ಬಾಗಿಲು ಒಮ್ಮೆಗೇ ಚೌಕಟ್ಟಿಗೆ ಕಚ್ಚಿಕೊಂಡರೆ ಬೆಳಗಾಗಲೆಂದು ಕಾಯದೆ ದನಕರುಗಳ ಹಗ್ಗ ಬಿಚ್ಚಿ ಮನೆಮಂದಿಯೆಲ್ಲ ಹೊರಡತಕ್ಕದ್ದು.

ಜಗಲಿಗೆ ಯಾವ ಬಣ್ಣ ಒಪ್ಪುವುದೆಂದೂ ಕೇಳಿದ್ದಾರೆ. ಅದನ್ನು ಮನೆಯ ಯಜಮಾನಿತಿಯವರಿಗೆ ಬಿಡುವುದು ಲೇಸು. ಚರಂಡಿ ಮಾತ್ರ ರೋಹಿಣಿ ಮಳೆಗೆ ಮುಂಚೆ ಮುಗಿಯಲಿ. ಆರಿದ್ರೆಯಲ್ಲಿ ಗುದ್ದಲಿ ಹಿಡಿದು ಧರೆಯ ಹತ್ತಿರ ಹೋಗಲಾಗದು.