ಕಂಠವೆಂಬ ಅಂಕಿತ

ವಚನವೊಂದು ಯಾರದೆಂದು ತಿಳಿಯಬೇಕಾದರೆ ವಾಚಕನ ದೃಷ್ಟಿ ಮೊದಲು ಹರಿಯುವುದು ಅಂಕಿತದ ಕಡೆಗೆ. ಕೂಡಲಸಂಗಮದೇವನೆಂದಿದ್ದರೆ ಬಸವಣ್ಣನವರದು, ಗುಹೇಶ್ವರನೆಂದಿದ್ದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನನೆಂದಿದ್ದರೆ ಅಕ್ಕಮಹಾದೇವಿಯದು ಎಂಬುದು ಶಾಲೆಯ ಮಕ್ಕಳೂ ಬಲ್ಲ ಸಂಗತಿ. ಆದರೆ ಅಂಕಿತವಿದ್ದ ಮಾತ್ರಕ್ಕೆ ವಚನವು ಆ ಶರಣರದೇ ಎಂದು ಸಾಧಿಸಲಾಗದೆಂಬುದನ್ನು ಸಂಪಾದಕರು ಕಷ್ಟಪಟ್ಟು ಕಂಡುಕೊಂಡರು. ಅಂಕಿತವನ್ನು ಯಾರು ಬೇಕಾದರೂ ಬರೆಯಬಹುದು. ಲಿಪಿಕಾರನ ಅನವಧಾನದಿಂದಲೋ ಭಕ್ತಿಯ ಆವೇಶದಿಂದಲೋ ಬಂದು ಸೇರಿದ ಪ್ರಕ್ಷಿಪ್ತಗಳುಂಟು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದ ಫ. ಗು. ಹಳಕಟ್ಟಿಯವರಿಂದ ಮೊದಲ್ಗೊಂಡು, 1993ರಲ್ಲಿ ಸಮಗ್ರ ವಚನಸಾಹಿತ್ಯವು 15 ಸಂಪುಟಗಳಲ್ಲಿ ಹೊರಬರುವವರೆಗೆ ವಿದ್ವಾಂಸರು ಓಲೆಗರಿಯ ಪಕ್ಕದಲ್ಲಿ ಓಲೆಗರಿಯನ್ನಿಟ್ಟು ನೋಡಿದರು. ಒಂದು ಪ್ರತಿಯ ಹುಸಿಯನ್ನು ಬಯಲಿಗೆ ತಂದುದು ಮತ್ತೊಂದು ಪ್ರತಿಯೇ.

ಪಾಠಸಂಪಾದನೆಯ ಈ ಮಾತನ್ನು ಚಲನಚಿತ್ರ, ಬಾನುಲಿ, ಧ್ವನಿಮುದ್ರಿಕೆಗಳ ಪ್ರಸಂಗದಲ್ಲಿ ಎತ್ತುವುದು ವಿಚಿತ್ರವೆನಿಸಬಹುದು. ಆದರೆ ಆ ಉದ್ಯಮಗಳ ಮುಂದೆ ಇಂದು ನಿಂತಿರುವ ಪ್ರಶ್ನೆಯೂ ಇದೇ ಜಾತಿಯದು. ಮನುಷ್ಯನ ಕಂಠವು ನಿನ್ನೆಯವರೆಗೆ ಯಾರೂ ಅಪಹರಿಸಲಾರದ ಅಂಕಿತವಾಗಿತ್ತು. ಅಣಕಿಸುವವರು ಅಣಕಿಸುತ್ತಿದ್ದರು, ಕೇಳುವವರು ನಗುತ್ತಿದ್ದರು, ಮೋಸಹೋಗುತ್ತಿದ್ದವರು ವಿರಳ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಮೇಲೆ ಆ ನಿಶ್ಚಿಂತೆ ಉಳಿದಿಲ್ಲ.

ಇದಕ್ಕೆ ಮೊದಲು ಬಂದ ಯಂತ್ರಗಳ ಸ್ವಭಾವವೇ ಬೇರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಯವರಿಗಾಗಿ ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರಾರೆಂಬುದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡೆನ್ನುತ್ತಾರೆ. ಕಾರಣವೇನೇ ಇರಲಿ, ಅದೂ ಒಂದು ಅಂಕಿತವೇ ಸರಿ. 1934ರ ‘ಸತಿ ಸುಲೋಚನ’ದಲ್ಲಿ ರಂಗಭೂಮಿಯ ಸುಬ್ಬಯ್ಯನಾಯ್ಡು ಅವರ ಕಂಠ ಬೆಳ್ಳಿತೆರೆಗೆ ಬಂದಿತು. ಮರುವರ್ಷ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದರು; 1950ರಲ್ಲಿ ಧಾರವಾಡ ಕೇಂದ್ರವಾಯಿತು; 1978ರಲ್ಲಿ ‘ನಿತ್ಯೋತ್ಸವ’ದ ಧ್ವನಿಸುರುಳಿ ಮನೆಮನೆಗೆ ಕವಿತೆಯನ್ನು ಮುಟ್ಟಿಸಿತು. ಇವೆಲ್ಲವೂ ಇದ್ದ ಕಂಠವನ್ನು ಇಲ್ಲದ ಕಡೆಗೆ ಹೊತ್ತೊಯ್ದ ಯಂತ್ರಗಳು. ವಾಕ್ಚಿತ್ರವು ನಾಟಕ ಕಂಪನಿಗಳಿಗೆ ಪೆಟ್ಟು ಕೊಟ್ಟುದು ನಿಜ. ಆದರೆ ಅದಕ್ಕೆ ಮಾತು ಬಲ್ಲ ನಟರನ್ನು ಒದಗಿಸಿದವೂ ಆ ಕಂಪನಿಗಳೇ. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ರಾಜಕುಮಾರ್ ಅವರ ನಾಲಗೆ ಪಳಗಿದ್ದು ಗುಬ್ಬಿ ವೀರಣ್ಣನವರ ಕಂಪನಿಯಂಥ ರಂಗಶಾಲೆಗಳಲ್ಲಿ.

ಹೊಸ ಯಂತ್ರ ಕಂಠವನ್ನು ಹೊರುವುದಿಲ್ಲ, ಹುಟ್ಟಿಸುತ್ತದೆ. ಒಬ್ಬರ ಮಾತಿನ ಸ್ವಲ್ಪ ಮಾದರಿ ದೊರೆತರೆ ಸಾಕು. ಅದರ ಸ್ಥಾಯಿ, ನಾದಗುಣ, ಉಸಿರಿನ ನಿಲುಗಡೆಗಳನ್ನು ಲೆಕ್ಕಕ್ಕಿಳಿಸಿ, ಅವರು ಎಂದೂ ಆಡದ ಮಾತನ್ನು ಅವರ ದನಿಯಲ್ಲಿಯೇ ಆಡಿಸುತ್ತದೆ. ಯಂತ್ರಕ್ಕೆ ಮಹಾಪ್ರಾಣ ಒಲಿಯದು, ಲಕಾರ ಳಕಾರಗಳ ಭೇದ ತಿಳಿಯದು, ಸಂಧಿ ಬಂದಲ್ಲಿ ಅದು ಎಡವುತ್ತದೆ ಎಂದು ಸಮಾಧಾನ ತಾಳುವ ಪಂಡಿತರಿದ್ದಾರೆ. ಈ ಸಮಾಧಾನ ಬಹುಕಾಲ ನಿಲ್ಲುವಂಥದಲ್ಲ. ಇಂದಿನ ಎಡವು ನಾಳೆ ತಿದ್ದಿಹೋದೀತು. (ಅಂಥ ಎಡವುಗಳು ಜೀವಂತ ವಾರ್ತಾವಾಚಕರಲ್ಲಿಯೂ ಕಡಮೆಯಿಲ್ಲವೆಂಬುದು ಬೇರೆ ಮಾತು.) ಯಂತ್ರದ ಅಪಕ್ವತೆಯನ್ನು ನೆಚ್ಚಿ ಕಟ್ಟಿದ ವಾದ ಅದರ ಪಕ್ವತೆಯೊಡನೆ ಬಿದ್ದುಹೋಗುತ್ತದೆ.

2023ರಲ್ಲಿ ಅಮೆರಿಕದ ಚಲನಚಿತ್ರ ನಟರು 118 ದಿನ ಮುಷ್ಕರ ಹೂಡಿದಾಗ, ತಮ್ಮ ರೂಪವನ್ನೂ ದನಿಯನ್ನೂ ಒಪ್ಪಿಗೆಯಿಲ್ಲದೆ ಯಂತ್ರದಿಂದ ನಕಲು ಮಾಡಬಾರದೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಕಂಠವನ್ನು ನಕಲು ಮಾಡುತ್ತಿದ್ದವರ ವಿರುದ್ಧ ಮುಂಬಯಿಯ ಉಚ್ಚ ನ್ಯಾಯಾಲಯ ಮಧ್ಯಂತರ ಆಜ್ಞೆ ನೀಡಿತು. ಅದೇ ವರ್ಷ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರಕ್ಕಾಗಿ ಎ. ಆರ್. ರೆಹಮಾನ್ ಅವರು ದಿವಂಗತರಾದ ಇಬ್ಬರು ಗಾಯಕರ ದನಿಗಳನ್ನು ಯಂತ್ರದ ನೆರವಿನಿಂದ ಮರಳಿ ತಂದರು. ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಸಲ್ಲಿಸಿದುದಾಗಿ ತಿಳಿಸಿದರು. ಒಪ್ಪಿಗೆ ಕೇಳಿದ್ದು ಮೆಚ್ಚತಕ್ಕ ನಡೆ. ಆದರೂ ಗಾಯಕನಾದವನಿಗೆ ಹಾಡುವ ಹಕ್ಕಿನಂತೆ, ಇದನ್ನು ಹಾಡಲಾರೆನೆನ್ನುವ ಹಕ್ಕೂ ಉಂಟು. ಹೊಲ ಮನೆಗಳಂತೆ ಆ ಹಕ್ಕು ವಾರಸುದಾರರಿಗೆ ಇಳಿದುಬರುತ್ತದೆಯೆ?

ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಪರಭಾಷಾ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವ ಡಬ್ಬಿಂಗ್ ಪದ್ಧತಿಯನ್ನು ಚಿತ್ರರಂಗ 1960ರ ದಶಕದಿಂದ ವಿರೋಧಿಸುತ್ತ ಬಂದಿತು. ಕಲಾವಿದರ ಅನ್ನಕ್ಕೆ ಕುತ್ತು ಬರುವುದೆಂಬುದು ಅದರ ಕಾರಣಗಳಲ್ಲೊಂದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆ ನ್ಯಾಯಸಮ್ಮತವಲ್ಲವೆಂದಿತು. ಬಾಗಿಲು ತೆರೆದ ಮೇಲೆ ಕಂಠದಾನ ಕಲಾವಿದರಿಗೆ ಹೊಸ ಕೆಲಸವೂ ದೊರೆಯಿತು. ಈಗ ಅದೇ ಕೆಲಸದ ಮೇಲೆ ಯಂತ್ರದ ಕಣ್ಣು ಬಿದ್ದಿದೆ. ಮೂಲನಟನ ದನಿಯಲ್ಲಿಯೇ ಕನ್ನಡ ಹೊರಡುವುದಾದರೆ ಪ್ರೇಕ್ಷಕನಿಗೆ ಹಿತವೇ ಎನ್ನುವವರಿದ್ದಾರೆ. ಕಣ್ಣಿಲ್ಲದವರಿಗೆ ಪುಸ್ತಕವನ್ನು ಓದಿ ಹೇಳುವಲ್ಲಿ, ಸವೆದ ಧ್ವನಿಪಟ್ಟಿಕೆಯನ್ನು ಶುದ್ಧಿಮಾಡುವಲ್ಲಿ ಯಂತ್ರದ ಉಪಕಾರವನ್ನು ಅಲ್ಲಗಳೆಯುವುದು ಅವಿವೇಕ. ಆದರೆ ಹುಬ್ಬಳ್ಳಿಯ ಕನ್ನಡ, ಮಂಡ್ಯದ ಕನ್ನಡ, ಕುಂದಾಪುರದ ಕನ್ನಡ ಎಂಬ ಸೊಗಸನ್ನೆಲ್ಲ ಬಲ್ಲ ನಾಲಗೆಗಳಿಗೆ ಕೂಲಿ ನಿಂತರೆ, ಮುಂದಿನ ಯಂತ್ರ ಕಲಿಯುವುದಾದರೂ ಯಾರಿಂದ? ಹಿಂದಿನ ಯಂತ್ರ ಆಡಿದ್ದನ್ನೇ ಅದು ಕಲಿಯಬೇಕಾದೀತು. ಪ್ರತಿಯಿಂದ ಪ್ರತಿ ಮಾಡುತ್ತ ಹೋದ ಓಲೆಗರಿಯ ಗತಿ ಏನಾಗುತ್ತದೆಂದು ಗ್ರಂಥಸಂಪಾದಕರು ಬಲ್ಲರು.

ಇದಕ್ಕಿಂತ ಗಂಭೀರವಾದುದು ಅಂಕಿತದ ವಿಚಾರ. ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ಲಿಂಗೈಕ್ಯರಾದರು. ಅವರ ವಚನಗಾಯನ ಮುದ್ರಿಕೆಗಳಲ್ಲಿ ಉಳಿದಿದೆ. ಬಸವಣ್ಣನವರು ನುಡಿಯದ ಒಂದು ವಚನವನ್ನು ಮನ್ಸೂರರು ಹಾಡದ ಒಂದು ದನಿಯಲ್ಲಿ ನಾಳೆ ಯಾರಾದರೂ ಹರಿಯಬಿಟ್ಟರೆ ಅಲ್ಲಿ ಅಂಕಿತಗಳು ಎರಡು, ಎರಡೂ ಹುಸಿ. ಹೋಲಿಸಿ ನೋಡಲು ಮೂಲವಿದ್ದರೆ ವಿವೇಕಿಗಳು ಅದನ್ನು ಗುರುತಿಸಿಯಾರು. ಮೂಲವೇ ಇಲ್ಲದಿದ್ದರೆ? ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರದ ದನಿ ಇದೇ ಎಂದು ಯಾವುದನ್ನೋ ತೋರಿಸಿದರೆ ಅಲ್ಲವೆನ್ನಲು ಆಧಾರವೆಲ್ಲಿ?

ಆದುದರಿಂದ ಚಿತ್ರನಿರ್ಮಾಪಕರು, ಧ್ವನಿಮುದ್ರಣ ಸಂಸ್ಥೆಗಳು ಕಲಾವಿದರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಕಂಠದ ನಕಲಿಗೆ ಪ್ರತ್ಯೇಕ ಒಪ್ಪಿಗೆ, ಪ್ರತ್ಯೇಕ ಸಂಭಾವನೆ, ಕಾಲದ ಮಿತಿ ಇವು ಬರಹದಲ್ಲಿರಬೇಕು. ಮಠಗಳಿಗೂ ಶಾಲೆಗಳಿಗೂ ಇಲ್ಲಿ ಕರ್ತವ್ಯವಿದೆ. 1970, 1980ರ ದಶಕಗಳ ಪ್ರವಚನಗಳ, ವಚನಗಾಯನದ, ಶಿವಾನುಭವ ಗೋಷ್ಠಿಗಳ ಧ್ವನಿಸುರುಳಿಗಳು ಎಷ್ಟೋ ಬೀರುಗಳಲ್ಲಿ ಬೂಷ್ಟು ಹಿಡಿಯುತ್ತಿವೆ. ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಅವುಗಳನ್ನು ಈಗಲೇ ಗಣಕಕ್ಕೆ ಇಳಿಸಬೇಕು. ಇಳಿಸಿದ ಕಡತದಿಂದ ಒಂದು ಸಂಖ್ಯಾಮುದ್ರೆಯನ್ನು ಲೆಕ್ಕಹಾಕಿ ತೆಗೆಯುವ ವಿಧಾನವಿದೆ. ಕಡತದಲ್ಲಿ ಒಂದು ಬಿಂದು ಬದಲಾದರೂ ಮುದ್ರೆ ಬೇರೆಯಾಗುತ್ತದೆ. ಆ ಮುದ್ರೆಯನ್ನೂ, ನುಡಿದವರ ಹೆಸರು, ಸ್ಥಳ, ತಿಥಿ, ಪಕ್ಕವಾದ್ಯದವರು, ಮುದ್ರಿಸಿಕೊಂಡವರು ಇವಿಷ್ಟನ್ನೂ ಒಂದು ದಪ್ಪ ರಿಜಿಸ್ಟರಿನಲ್ಲಿ ಶಾಯಿಯಿಂದ ಬರೆದು, ಮೂಲ ಸುರುಳಿಯನ್ನು ಎಸೆಯದೆ, ಮತ್ತೊಂದು ಪ್ರತಿಯನ್ನು ಬೇರೊಂದು ಊರಿನಲ್ಲಿ ಇರಿಸಬೇಕು. ಆ ದನಿಗಳನ್ನು ಕೇಳಿದೊಡನೆ ಇವರೇ ಎಂದು ಗುರುತು ಹೇಳಬಲ್ಲ ಹಿರಿಯರು ಊರೂರಿನಲ್ಲಿ ಇನ್ನೂ ಕೆಲವರಿದ್ದಾರೆ.