ಟ್ರಾಕ್ಟರಿನ ಗಾಲಿಗಳ ಅಂತರವೂ ಚಾಲಕನ ಪ್ರಾಣವೂ

ಬೆಳಗಾವಿಯಿಂದ ವೆಂಗುರ್ಲೆಗೆ ಹೋಗುವ ದಾರಿಯ ಮೇಲಿರುವ ಹಿಂಡಲಗಾ ಮತ್ತು ಅದರ ನೆರೆಯ ಗ್ರಾಮಗಳ ಭೂಮಿಯು ಒಂದೇ ಬಗೆಯದಲ್ಲ. ಮಾರ್ಕಂಡೇಯ ನದಿಯ ಆಸುಪಾಸಿನ ತಗ್ಗಿನಲ್ಲಿ ಬದುಗಳಿಂದ ಸುತ್ತುವರಿದ ಭತ್ತದ ಗದ್ದೆಗಳಿವೆ. ಖಾನಾಪುರದ ಕಡೆಗೆ ಸಾಗಿದಂತೆ ಸಹ್ಯಾದ್ರಿಯ ಇಳಿಜಾರುಗಳು ಆರಂಭವಾಗುತ್ತವೆ. ಇಂಥ ನೆಲದಲ್ಲಿ ಎತ್ತಿನ ಕೆಲಸದ ಬಹುಭಾಗವನ್ನು ಟ್ರಾಕ್ಟರು ವಹಿಸಿಕೊಂಡಿರುವ ಈ ಕಾಲದಲ್ಲಿ, ಅದರ ಎಡಬಲ ಗಾಲಿಗಳ ನಡುವಣ ಅಂತರವೆಷ್ಟಿರಬೇಕೆಂಬ ಪ್ರಶ್ನೆಯನ್ನು ಭೂಮಾಲೀಕರು ಚಾಲಕನಿಗೆ ಬಿಟ್ಟು ಸುಮ್ಮನಿರುವುದು ಸರಿಯಲ್ಲ.

ಅಂತರವನ್ನು ಹೆಚ್ಚಿಸಿದರೆ ಯಂತ್ರವು ನೆಲವನ್ನು ಹೆಚ್ಚು ಭದ್ರವಾಗಿ ಹಿಡಿದು ನಿಲ್ಲುವುದೆಂಬುದು ನಿಜ. ಆದರೆ ಅಗಲವಾದಷ್ಟೂ ಒಳ್ಳೆಯದೆಂಬ ಭಾವನೆಯು ತಪ್ಪು. ಕ್ರೀಡೆಗಾಗಿಯೇ ನಿರ್ಮಿತವಾದ ನಾಲ್ಕು ಗಾಲಿಯ ಏಟಿವಿ ಎಂಬ ವಾಹನಗಳ ತಯಾರಕರೂ ಹಾಗೆ ಭಾವಿಸಿಲ್ಲ. ಜಪಾನಿನ ಯಮಹಾ ಕಂಪನಿಯು ಪಂದ್ಯದ ಬಯಲಿಗಾಗಿ 2009ರಲ್ಲಿ ತಂದ ವೈ.ಎಫ್.ಝಡ್. 450 ಆರ್ ಮಾದರಿಯು ಸುಮಾರು 49 ಅಂಗುಲ ಅಗಲವಾಗಿತ್ತು. ಮರಗಳ ನಡುವಣ ಇಕ್ಕಟ್ಟಿನ ಹಾದಿಗಾಗಿ 2010ರಲ್ಲಿ ತಂದ ಎಕ್ಸ್ ಮಾದರಿಯು ಸುಮಾರು 46 ಅಂಗುಲದ್ದು. ಪಂದ್ಯದ ಯಂತ್ರಕ್ಕೇ ನೆಲವನ್ನು ನೋಡಿ ಅಗಲವನ್ನು ಗೊತ್ತುಮಾಡುವುದಾದರೆ, ದುಡಿಯುವ ಯಂತ್ರದ ವಿಷಯದಲ್ಲಿ ಹೇಳತಕ್ಕದ್ದೇನು?

ಈ ವಿವೇಕವು ನಮ್ಮ ಒಕ್ಕಲಿಗರಿಗೆ ಹೊಸದಲ್ಲ. ಬಿತ್ತುವ ಬೆಳೆಗೆ ತಕ್ಕಂತೆ ಕೂರಿಗೆಯ ತಾಳುಗಳ ಅಂತರವನ್ನೂ, ಸಾಲಿಗೆ ತಕ್ಕಂತೆ ಎಡೆಕುಂಟೆಯ ಅಗಲವನ್ನೂ ಆರಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಟ್ರಾಕ್ಟರನ್ನು ನಿರ್ಮಿಸಿದವರೂ ಅದನ್ನೇ ಮಾಡಿದರು. 1946ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದ ಫರ್ಗುಸನ್ ಟ್ರಾಕ್ಟರಿನ ಗಾಲಿಗಳ ಅಂತರವನ್ನು 48 ಅಂಗುಲದಿಂದ 76 ಅಂಗುಲದವರೆಗೆ, ನಾಲ್ಕು ನಾಲ್ಕು ಅಂಗುಲದಂತೆ, ಹೆಚ್ಚಿಸಬಹುದಾಗಿತ್ತು. ಇಂದಿನ ಅನೇಕ ಟ್ರಾಕ್ಟರುಗಳಲ್ಲಿಯೂ ಮುಂದಿನ ಅಚ್ಚಿನ ರಂಧ್ರಗಳ ಮೂಲಕವೂ ಹಿಂದಿನ ಗಾಲಿಯ ತಟ್ಟೆಯನ್ನು ತಿರುಗಿಸಿ ಜೋಡಿಸುವ ಮೂಲಕವೂ ಇದೇ ಸೌಕರ್ಯವುಂಟು. ಕೊಂಡ ದಿನ ಇದ್ದ ಅಂತರದಲ್ಲಿಯೇ ವರ್ಷಗಟ್ಟಲೆ ಯಂತ್ರವನ್ನು ನಡೆಸುವುದೆಂದರೆ, ಹಣ ಕೊಟ್ಟು ಪಡೆದ ಸೌಕರ್ಯವನ್ನು ಕೈಬಿಟ್ಟಂತೆಯೇ ಸರಿ.

ಅಂತರವನ್ನು ಹೆಚ್ಚಿಸುವುದರ ಫಲವೆಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಯಂತ್ರದ ಗಾಲಿಗಳ ಅಂತರವು 52 ಅಂಗುಲ, ನೆಲದಿಂದ ಅದರ ಭಾರಕೇಂದ್ರದ ಎತ್ತರವು 30 ಅಂಗುಲವೆಂದು ಇಟ್ಟುಕೊಳ್ಳೋಣ. ಅಂತರವನ್ನು 60 ಅಂಗುಲಕ್ಕೆ ಏರಿಸಿದರೆ ಪಕ್ಕಕ್ಕೆ ಉರುಳದೆ ನಿಲ್ಲುವ ಶಕ್ತಿಯು ನೂರಕ್ಕೆ ಸುಮಾರು 15ರಷ್ಟು ಹೆಚ್ಚುತ್ತದೆ. ಆದರೆ ತಿರುವಿನಲ್ಲಿ ಯಂತ್ರವನ್ನು ಹೊರಕ್ಕೆ ತಳ್ಳುವ ಬಲವು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದು. ವೇಗವು ಇಮ್ಮಡಿಯಾದರೆ ಆ ಬಲವು ನಾಲ್ಕು ಮಡಿಯಾಗುವುದು. ಆದುದರಿಂದ ಎಂಟು ಅಂಗುಲದ ವಿಸ್ತಾರದಿಂದ ದೊರೆತ ಲಾಭವೆಲ್ಲವೂ, ಅದೇ ತಿರುವಿನಲ್ಲಿ ವೇಗವನ್ನು ಗಂಟೆಗೆ 20 ಕಿಲೋಮೀಟರಿನಿಂದ ಸುಮಾರು 21½ ಕಿಲೋಮೀಟರಿಗೆ ಏರಿಸಿದೊಡನೆ ಮುಗಿದುಹೋಗುವುದು. ಗಾಲಿ ಅಗಲವಾಯಿತೆಂಬ ಧೈರ್ಯದಿಂದ ವೇಗವನ್ನು ಹೆಚ್ಚಿಸುವವನು ಎಷ್ಟು ಸ್ವಲ್ಪದ ಮೇಲೆ ಭರವಸೆಯಿಟ್ಟಿರುವನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಲ್ಲದೆ, ಸಾಮಾನ್ಯ ಟ್ರಾಕ್ಟರಿನ ಮುಂದಿನ ಅಚ್ಚು ನಡುವಿನ ಕೀಲಿನ ಮೇಲೆ ಓಲಾಡುವುದರಿಂದ, ಉರುಳುವ ಆರಂಭದಲ್ಲಿ ಯಂತ್ರವು ನಾಲ್ಕು ಗಾಲಿಗಳ ಮೇಲೆ ನಿಂತಂತಿರುವುದಿಲ್ಲ. ಹಿಂದಿನ ಎರಡು ಗಾಲಿಗಳೂ ಆ ಕೀಲೂ ಕೂಡಿದ ಮುಕ್ಕಾಲಿಯ ಮೇಲೆ ನಿಂತಂತಿರುತ್ತದೆ. ಆದಕಾರಣ ಕಣ್ಣಿಗೆ ಕಾಣುವ ಭದ್ರತೆಗಿಂತ ನಿಜವಾದ ಭದ್ರತೆಯು ಕಡಿಮೆ. ಗದ್ದೆಯ ಬದುವನ್ನು ಓರೆಯಾಗಿ ದಾಟುವಾಗ, ಒಂದು ಗಾಲಿ ಕಾಲುವೆಯ ಅಂಚಿನಲ್ಲಿ ಕುಸಿದಾಗ, ಇಳಿಜಾರಿನಲ್ಲಿ ಥಟ್ಟನೆ ತಿರುಗಿಸಿದಾಗ ಅಪಾಯವು ಕ್ಷಣಮಾತ್ರದಲ್ಲಿ ಬಂದೊದಗುವುದು.

ಆದುದರಿಂದ ಕೆಲಸವನ್ನು ನೋಡಿ ಅಂತರವನ್ನು ಗೊತ್ತುಮಾಡತಕ್ಕದ್ದು. ಇಳಿಜಾರಿನ ನೆಲದಲ್ಲಿ ಕೆಲಸಕ್ಕೆ ಅಡ್ಡಿಯಾಗದಷ್ಟು ಅಗಲವಾಗಿರಿಸುವುದು ಕ್ಷೇಮಕರ. ಸಾಲುಬೆಳೆಯ ನಡುವೆ ಎಡೆ ಹೊಡೆಯುವಾಗ ಗಾಲಿಗಳ ಅಂತರವು ಸಾಲುಗಳ ಅಂತರದ ಪೂರ್ಣ ಮಡಿಯಾಗಿರಬೇಕು. ಸಾಲುಗಳು 30 ಅಂಗುಲವಿದ್ದರೆ 60, 36 ಅಂಗುಲವಿದ್ದರೆ 72. ರೆಕ್ಕೆಯ ನೇಗಿಲಿನಿಂದ ಉಳುವಾಗ ಒಂದು ಗಾಲಿಯು ಸಾಲಿನೊಳಗೆ ನಡೆಯುವುದರಿಂದ, ಅಂತರವು ಮಿತಿಮೀರಿದರೆ ಎಳೆತವು ಒಂದು ಪಕ್ಕಕ್ಕೆ ಬಿದ್ದು, ಯಂತ್ರಕ್ಕೂ ಚಾಲಕನಿಗೂ ಆಯಾಸವಾಗುವುದು.

ಮಾರ್ಪಾಟನ್ನು ತಯಾರಕರು ಕಲ್ಪಿಸಿದ ಮಿತಿಯೊಳಗೆ ಮಾತ್ರ ಮಾಡಬೇಕು. ಕಮ್ಮಟದಲ್ಲಿ ಕಡೆಸಿದ ಕಬ್ಬಿಣದ ಬಿಲ್ಲೆಗಳನ್ನು ಗಾಲಿಗೂ ಗುಂಭಕ್ಕೂ ನಡುವೆ ಸೇರಿಸಿ ಅಂತರವನ್ನು ಹೆಚ್ಚಿಸುವುದು ಸರ್ವಥಾ ಕೂಡದು. ಭಾರವು ಹೊರಕ್ಕೆ ಸರಿದಷ್ಟೂ ಬೇರಿಂಗು, ಬೋಲ್ಟು, ಅಚ್ಚುಗಳ ಮೇಲಿನ ಒತ್ತಡವು ಹೆಚ್ಚಿ, ಅವು ಮುರಿದರೆ ಭದ್ರತೆಗಾಗಿ ಮಾಡಿದ ಕೆಲಸವೇ ಅಪಘಾತಕ್ಕೆ ಕಾರಣವಾಗುವುದು. ಸಮನೆಲದಲ್ಲಿ ಯಂತ್ರವನ್ನು ನಿಲ್ಲಿಸಿ, ಉಳಿದ ಗಾಲಿಗಳಿಗೆ ತಡೆಯಿಟ್ಟು ಕೆಲಸವನ್ನಾರಂಭಿಸಬೇಕು. ಎರಡು ಪಕ್ಕಗಳನ್ನೂ ಸಮವಾಗಿ ಸರಿಸಬೇಕು. ಹಿಂದಿನ ಗಾಲಿಗಳನ್ನು ಮಗುಚಿ ಹಾಕುವುದಾದರೆ, ಟಾಯರಿನ ಹಲ್ಲುಗಳ ದಿಕ್ಕು ಕೆಡದಂತೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಾಯಿಸಬೇಕು. ಕೆಲವು ಗಂಟೆಗಳ ಕೆಲಸವಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು.

ಗಾಲಿಗಳ ಅಂತರದಿಂದ ನಿವಾರಣೆಯಾಗದ ಅಪಾಯಗಳೂ ಇವೆ. ಹೂಟೆಯ ಕೊಂಡಿಯನ್ನು ಮೇಲಕ್ಕೆ ಕಟ್ಟಿ ಭಾರವನ್ನೆಳೆದರೆ ಯಂತ್ರವು ಹಿಂದಕ್ಕೆ ಮಗುಚಬಹುದು. ಕಬ್ಬನ್ನು ಎತ್ತರವಾಗಿ ಹೇರಿದ ಟ್ರೇಲರಿನ ಭಾರಕೇಂದ್ರವು ಮೇಲಕ್ಕೇರಿರುವಾಗ, ಮುಂದಿರುವ ಟ್ರಾಕ್ಟರಿನ ಗಾಲಿಗಳು ಎಷ್ಟು ಅಗಲವಿದ್ದರೂ ಟ್ರೇಲರು ಉರುಳುವುದು ತಪ್ಪದು. ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯಮಾಡಿತು. ಯಂತ್ರವು ಉರುಳಿದರೂ ಮನುಷ್ಯನು ಬದುಕಬೇಕೆಂಬುದು ಅದರ ಉದ್ದೇಶ. ಅಂಥ ಚೌಕಟ್ಟು, ಅದರೊಡನೆ ಆಸನದ ಪಟ್ಟಿ, ಇವೆರಡೂ ಅಗಲವಾದ ಗಾಲಿಗಳಿಗಿಂತ ಹೆಚ್ಚು ಬೆಲೆಯುಳ್ಳವು.

ಟ್ರಾಕ್ಟರನ್ನು ನಡೆಸುವವನು ಅನೇಕ ವೇಳೆ ಕೂಲಿಯ ಯುವಕನಾಗಿರುತ್ತಾನೆ. ಗಾಲಿಗಳ ಅಂತರವನ್ನಾಗಲಿ, ಹೇರಿನ ಎತ್ತರವನ್ನಾಗಲಿ, ಕೆಲಸ ಮುಗಿಸಬೇಕಾದ ಅವಧಿಯನ್ನಾಗಲಿ ಗೊತ್ತುಮಾಡುವವನು ಅವನಲ್ಲ, ಮಾಲೀಕನು. ಆದುದರಿಂದ ಹೊಣೆಯೂ ಮಾಲೀಕನದೇ. ಮುಂಗಾರಿಗೆ ಮುನ್ನ ಒಮ್ಮೆ, ಕಬ್ಬಿನ ಸಾಗಣೆ ಆರಂಭವಾಗುವ ಮುನ್ನ ಒಮ್ಮೆ, ಗ್ರಾಮದ ಪ್ರಮುಖರು ಮುಂದೆ ನಿಂತು ಊರಿನ ಟ್ರಾಕ್ಟರುಗಳ ಗಾಲಿ, ಅಚ್ಚು, ನಟ್ಟು, ಕೊಂಡಿ, ಚೌಕಟ್ಟುಗಳನ್ನು ಪರೀಕ್ಷೆ ಮಾಡಿಸುವುದು ಯೋಗ್ಯ. ಅದಕ್ಕೆ ತಗಲುವ ವೆಚ್ಚವು ಅಲ್ಪ. ಬೇಕಾದುದು ಒಂದು ಜಾಕು, ಒಂದು ಅಳತೆಪಟ್ಟಿ, ಅರ್ಧ ದಿನದ ಬಿಡುವು. ಹಿಂಡಲಗಾದಂಥ ಗ್ರಾಮಗಳು ಬರುವ ಮುಂಗಾರಿಗೆ ಮುಂಚೆಯೇ ಈ ಕಾರ್ಯವನ್ನು ಕೈಗೊಳ್ಳುವುದು ಉಚಿತ.