ಜಲಾಶಯಕ್ಕೂ ಸವಕಳಿ ಉಂಟು

ಯಂತ್ರದ ಸವಕಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ಉದ್ಯಮಿಯೂ ಅಢಾವೆ ಪತ್ರಿಕೆಗೆ ಸಹಿ ಹಾಕುವುದಿಲ್ಲ. ಅಣೆಕಟ್ಟೆಗಳ ವಿಷಯದಲ್ಲಿ ಈ ಶಿಸ್ತು ಕಾಣದು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಅಡಿ, 2016ರ ಸಮೀಕ್ಷೆಯಂತೆ 105.788. ನಷ್ಟವಾದ 27 ಟಿ.ಎಂ.ಸಿ. ಕೃಷ್ಣರಾಜಸಾಗರದ ಅರ್ಧಕ್ಕಿಂತಲೂ ಅಧಿಕ.

ಹರಿಯುವಾಗ ನದಿ ಹೊತ್ತು ತಂದ ಮಣ್ಣು ನಿಂತ ನೀರಿನಲ್ಲಿ ತಳ ಸೇರುತ್ತದೆ. ಕಟ್ಟೆಯ ಕೆಳಗೆ ಹೂಳಿಲ್ಲದ ನೀರು ಪಾತ್ರವನ್ನೇ ಕೊರೆಯುತ್ತದೆ. ತೆಗೆದ ಮರಳು ಮತ್ತೆ ತುಂಬಿಕೊಳ್ಳದು. ಇಂತಹ ಅನೇಕ ಕಟ್ಟೆಗಳಿಂದಾಗಿ, ತುಂಗಭದ್ರೆಯನ್ನು ಒಳಗೊಂಡ ಕೃಷ್ಣೆಯು ಕಡಲಂಚಿನ ಮುಖಜಭೂಮಿಗೆ ತಲುಪಿಸುವ ಹೂಳು ಬಹಳ ಕುಗ್ಗಿದೆ. ಮೇಲೆ ಬೇಡವಾದುದೇ ಕೆಳಗೆ ಕೊರತೆ!

2024ರ ಆಗಸ್ಟ್‌ನಲ್ಲಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನಾಡೆಲ್ಲ ಬೆಚ್ಚಿತು. ಹೂಳಿನ ನಷ್ಟ ಸದ್ದಿಲ್ಲದ್ದು. ಎರಡನೆಯ ಬೆಳೆಗೆ ನೀರು ಸಾಲದಾದಾಗ ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಿಗಷ್ಟೆ ಅದರ ಬಿಸಿ. ನವಲಿಯ ಬಳಿ ಪ್ರಸ್ತಾಪಿತವಾದ ಸಮತೋಲನ ಜಲಾಶಯವು ನೀರನ್ನು ಹಿಡಿದೀತೇ ಹೊರತು ಹೂಳನ್ನು ತಡೆಯದು. ಮೇಲ್ದಂಡೆಯ ಮಣ್ಣು ಸಂರಕ್ಷಣೆಗೆ ಪ್ರತಿವರ್ಷ ನಿಶ್ಚಿತ ಮೊತ್ತ ಮೀಸಲಿಡುವಂತೆ ವಾಣಿಜ್ಯೋದ್ಯಮ ಸಂಸ್ಥೆಗಳು ತಮ್ಮ ಆಯವ್ಯಯಪೂರ್ವ ಮನವಿಯಲ್ಲಿ ಸರ್ಕಾರವನ್ನು ಕೇಳುವುದು ಉಚಿತ.